ಒಳಗಿನವರಿಗಷ್ಟೇ ಕಂಡ ಪುಟ

"ಎಲ್ಲಾ ಇಂಗ್ಲಿಷಲ್ಲೇ ಇದೆಯಲ್ಲೇ," ಎಂದಳು ಅಮ್ಮ ಫೋನಿನಲ್ಲಿ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಮ್ಮನ ಹತ್ತಿರವಂತೂ ಅದಕ್ಕೆ ತಡೆಯೇ ಇಲ್ಲ. "ಮೇಲ್ಗಡೆ ಕನ್ನಡ ಅಂತಿದೆ ನೋಡಮ್ಮ. ಅದನ್ನ ಒತ್ತು. ಕನ್ನಡಕ ಹಾಕ್ಕೊಂಡಿದೀಯಾ?"

"ಹಾಕ್ಕೊಂಡೇ ಒತ್ತಿದೀನಿ. ಡಾಕ್ಟ್ರು ಯಾವಾಗ ಸಿಗ್ತಾರೆ, ಯಾವ ಬಾಗಿಲಲ್ಲಿ ಹೋಗ್ಬೇಕು, ಎಲ್ಲ ಕನ್ನಡದಲ್ಲೇ ಬರುತ್ತೆ. ಆ ಅಜ್ಜನ ಪುಟಕ್ಕೆ ಹೋದ್ರೆ ಮಾತ್ರ ಇಂಗ್ಲಿಷು. ನನ್ನ ಮೇಲ್ಯಾಕೆ ಹಾರಾಡ್ತೀಯ?"

ತಟ್ಟನೆ ಫೋನಿಟ್ಟೆ.

ನಾನಿರುವುದು ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುವ ಕೋಣೆಯಲ್ಲಿ. ನಮ್ಮ ಸೈಟು ಐದು ಭಾಷೆ ಮಾತಾಡುತ್ತದೆ. ಅದರ ಕನ್ನಡ ನನ್ನದು. ಮೂರನೇ ಮಹಡಿಯ ವಾರ್ಡಿನಲ್ಲಿ ಒಬ್ಬರು ಅಜ್ಜ ಇದ್ದರು. ಬಸ್ ನಿಲ್ದಾಣದಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದವರನ್ನು ಯಾರೋ ತಂದು ಸೇರಿಸಿದ್ದರು. ಗಾಯ ಮಾಯಿತು, ಹೆಸರು ಮಾತ್ರ ವಾಪಸ್ಸು ಬರಲಿಲ್ಲ. ಊರಿಲ್ಲ, ಮನೆಯಿಲ್ಲ, ಜೇಬಿನಲ್ಲಿ ಒಂದು ಬಾಚಣಿಗೆ ಬಿಟ್ಟು ಬೇರೇನಿಲ್ಲ. ಆದರೆ ಕನ್ನಡ ಮಾತ್ರ ಚೆನ್ನಾಗಿತ್ತು! ಪೊಲೀಸರು ಕೇಳಿಕೊಂಡ ಮೇಲೆ ಅವರ ಫೋಟೊ ಸಮೇತ ಐದೂ ಭಾಷೆಯಲ್ಲಿ ಒಂದು ಪುಟ ಹಾಕಿದ್ದೆವು. ಬೇರೆ ಭಾಷೆಯವರಿಂದ ಒಂದಷ್ಟು ಫೋನು ಬಂದವು, ಯಾವುದೂ ತಾಳೆಯಾಗಲಿಲ್ಲ. ಕನ್ನಡದಲ್ಲಿ ಒಂದೇ ಒಂದು ಫೋನೂ ಬರಲಿಲ್ಲ. ಎಂಥಾ ಕಲ್ಲುಮನಸ್ಸಿನ ಜನವಪ್ಪಾ ಎಂದು ನಾನು ಊರಿಗೆಲ್ಲ ಶಾಪ ಹಾಕಿಕೊಂಡು ಓಡಾಡಿದ್ದೆ.

ಅವತ್ತು ಸಂಜೆ ದೂರದ ಊರಿನ ಆಶ್ರಮವೊಂದರ ವ್ಯಾನು ಬಂದು ಅಜ್ಜನನ್ನು ಕರೆದೊಯ್ಯುವುದಿತ್ತು. ಒಮ್ಮೆ ಅಲ್ಲಿ ದಿಕ್ಕಿಲ್ಲದವರ ಸಾಲಿಗೆ ಸೇರಿಬಿಟ್ಟರೆ ಮನೆಯವರು ಎಲ್ಲಿ ಅಂತ ಹುಡುಕಬೇಕು? ಕೊನೆಯ ಪ್ರಯತ್ನ ಎಂದು, ಪುಟವನ್ನು ಗುರುತಿನವರಿಗೆಲ್ಲ ಕಳಿಸು ಅಂತ ಹೇಳಲು ಅಮ್ಮನಿಗೆ ಫೋನ್ ಮಾಡಿದ್ದೆ. ಈಗ ನೋಡಿದರೆ ಹೊರಗಿನವರು ಆ ಪುಟವನ್ನು ಕನ್ನಡದಲ್ಲಿ ಕಂಡೇ ಇಲ್ಲ! ಫೋಟೊ ಇರುವುದು ಪುಟದ ಕೊನೆಯಲ್ಲಿ. ಅಮ್ಮನಂಥವರು ಇಂಗ್ಲಿಷ್ ಕಂಡೊಡನೆ ವಾಪಸ್ಸು ಹೋಗುತ್ತಾರೆ, ಅಲ್ಲೀತನಕ ಇಳಿಯುವವರು ಯಾರು?

ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಪಕ್ಕದ ಕೋಣೆಗೆ ಓಡಿದೆ. ಅಲ್ಲಿ ಕೂರುವ ತಂತ್ರಜ್ಞನನ್ನು ನಾವೆಲ್ಲ ಕರೆಯುವುದು ರೀಸ್ಟಾರ್ಟಪ್ಪ ಎಂದು. ಏನು ಕೆಟ್ಟರೂ ಅವನದು ಒಂದೇ ಮದ್ದು.

"ಅಜ್ಜನ ಪುಟ ಕನ್ನಡದಲ್ಲಿ ಬರ್ತಿಲ್ಲ!"

ಅವನು ತನ್ನ ಕಂಪ್ಯೂಟರಿನಲ್ಲಿ ತೆರೆದ. ಕನ್ನಡವೇ ಬಂತು, ಚೊಕ್ಕಟವಾಗಿ. "ಬರ್ತಾ ಇದೆಯಲ್ಲ ಮೇಡಂ. ಒಂದ್ಸಲ ನಿಮ್ಮನ್ನೇ ರೀಸ್ಟಾರ್ಟ್ ಮಾಡ್ಬೇಕು ಅನ್ಸುತ್ತೆ."

"ತಮಾಷೆ ಬೇಡ ಕಣಯ್ಯ. ನಮ್ಮಮ್ಮನ ಫೋನಲ್ಲಿ ಇಂಗ್ಲಿಷು."

"ಅಮ್ಮನ ಫೋನನ್ನ ರೀಸ್ಟಾರ್ಟ್..."

ನನ್ನ ಮುಖ ನೋಡಿ ಅವನು ಮಾತು ನುಂಗಿಕೊಂಡ. ಪಾಪ, ಆಮೇಲೆ ಕೆಲಸಕ್ಕೇನೋ ಸರಿಯಾಗಿಯೇ ಕೂತ. ಸೈಟು ಬೇಗ ತೆರೆಯಲಿ ಎಂದು ಕೂಡಿಟ್ಟ ಹಳೆಯ ಪ್ರತಿಗಳನ್ನೆಲ್ಲ ಅಳಿಸಿದ. ಅಮ್ಮನಿಗೆ ಫೋನ್ ಮಾಡಿದೆ, ಇಂಗ್ಲಿಷು. ಕನ್ನಡದ ಗುಂಡಿ ಸರಿಯಾದ ಪುಟಕ್ಕೇ ಹೋಗುತ್ತದೆಯೇ ನೋಡಿದ, ಹೋಗುತ್ತಿತ್ತು. ಪುಟದ ಭಾಷೆ ಕನ್ನಡ ಎಂದೇ ನಮೂದಾಗಿದೆಯೇ ನೋಡಿದ, ಆಗಿತ್ತು. ಮತ್ತೆ ಅಮ್ಮ, ಮತ್ತೆ ಇಂಗ್ಲಿಷು. "ಇದೇ ಕೆಲಸಾನಾ ನಂಗೆ?" ಎಂದು ಅಮ್ಮನೂ ಸಿಡುಕಿದಳು. ಆ ಸಿಡುಕು ನನಗೆ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಅತ್ತಿಗೆ ಕೆಳಗೆ ಬಂದರು. ನನ್ನ ಅಣ್ಣನ ಹೆಂಡತಿ, ಅಜ್ಜನ ವಾರ್ಡಿನ ನರ್ಸು. "ಅಜ್ಜನ ಬಟ್ಟೆ ಕಟ್ಟಿಟ್ಟೆ ಕಣೇ," ಎಂದರು. ನಾನು ವಿಷಯ ಹೇಳಿ ಮುಗಿಸುವುದರೊಳಗೆ ತಮ್ಮ ಫೋನು ತೆಗೆದು ಪುಟ ನೋಡಿ, ಅದನ್ನು ರೀಸ್ಟಾರ್ಟಪ್ಪನ ಕಂಪ್ಯೂಟರಿನ ಪಕ್ಕಕ್ಕೇ ಹಿಡಿದರು.

ಫೋನಿನಲ್ಲಿ ಇಂಗ್ಲಿಷು. ಕಂಪ್ಯೂಟರಿನಲ್ಲಿ ಕನ್ನಡ. ಒಂದೇ ಪುಟ, ಒಂದೇ ವಿಳಾಸ.

"ನಿಮ್ಮಲ್ಲಿ ಬರುತ್ತೆ, ನನ್ನಲ್ಲಿ ಬರಲ್ಲ. ನಾನೇನು ಪಾಪ ಮಾಡಿದೀನಿ?" ಎಂದರು ಅತ್ತಿಗೆ.

ರೀಸ್ಟಾರ್ಟಪ್ಪ ತಲೆ ಕೆರೆದುಕೊಳ್ಳುತ್ತಿದ್ದವನು ಕೈಯನ್ನು ಅಲ್ಲೇ ನಿಲ್ಲಿಸಿದ. "ನಾನು ಒಳಗಿದೀನಿ," ಎಂದ ಮೆಲ್ಲಗೆ. "ಸಿಬ್ಬಂದಿ ಪಾಸ್‌ವರ್ಡ್ ಹಾಕಿ ಒಳಗಿದೀನಿ. ಮೇಡಂ ಕೂಡ. ನಾವು ಯಾವತ್ತೂ ಹೊರಗೆ ಬಂದೇ ನೋಡಿಲ್ಲ!"

ಲಾಗ್ ಔಟ್ ಮಾಡಿ ಪುಟವನ್ನು ಮತ್ತೆ ತೆರೆದ. ಕನ್ನಡ ಮಾಯ!

ನಾನು ಕುಣಿದೇಬಿಟ್ಟೆ. ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಖುಷಿ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಮತ್ತೆ ಲಾಗಿನ್ ಆಗಿ ಪುಟದ ಒಳವಿವರ ತೆಗೆದರೆ, ಬೇರೆ ನಾಲ್ಕು ಭಾಷೆಗಳ ಮುಂದೆ ಹಸಿರು ಗುರುತು, ಕನ್ನಡದ ಮುಂದೆ ಮಾತ್ರ ಹಳದಿ: 'ರೋಗಿ ಓದುಗರಿಗಾಗಿ ಕಾಯುತ್ತಿದೆ'.

ನಮ್ಮ ಆಸ್ಪತ್ರೆಯಲ್ಲಿ ಹಾಗೊಂದು ಪದ್ಧತಿ. ಯಾವ ಭಾಷೆಯ ಯಾವ ಪುಟವಾದರೂ ಸರಿ, ಆ ಭಾಷೆ ಬಲ್ಲ ರೋಗಿಯೊಬ್ಬರು ಓದಿ 'ಅರ್ಥವಾಯಿತು' ಎಂದ ಮೇಲೆಯೇ ಅದು ಹೊರಗಿನವರಿಗೆ ಕಾಣುವುದು, ಅಲ್ಲೀತನಕ ಅವರಿಗೆ ಅದರ ಜಾಗದಲ್ಲಿ ಇಂಗ್ಲಿಷ್ ಪುಟ. ಬರೆದವರೇ ಒಪ್ಪಿಗೆ ಕೊಟ್ಟುಕೊಂಡರೆ ಬಿಡಿಸಲಾಗದ ಕನ್ನಡ ಬರುತ್ತದೆ ಎಂದು ದೊಡ್ಡ ಡಾಕ್ಟರು ಮಾಡಿದ ನಿಯಮ. ನಾಲ್ಕು ಭಾಷೆಯವರು ಓದಿಸಿದ್ದರು. ನಾನು ಅವಸರದಲ್ಲಿ ಯಾರಿಂದಲೂ ಓದಿಸದೆ ಪ್ರಕಟಿಸುವ ಗುಂಡಿ ಒತ್ತಿ, ನನ್ನ ಪರದೆಯ ಮೇಲೆ ಕನ್ನಡ ಕಂಡದ್ದೇ ಮುಗಿಯಿತೆಂದು ಎದ್ದುಹೋಗಿದ್ದೆ.

"ಹಾಗಿದ್ರೆ ಯಾರಿಂದಾದ್ರೂ ಓದಿಸಿ, ಬೇಗ!" ಎಂದ ರೀಸ್ಟಾರ್ಟಪ್ಪ. "ಸಿಸ್ಟರ್, ಕನ್ನಡ ಓದೋ ರೋಗಿ ಯಾರಿದಾರೆ?"

ಅತ್ತಿಗೆ ಒಂದೊಂದೇ ಹಾಸಿಗೆ ನೆನೆಸಿಕೊಂಡರು. ಕಿಟಕಿ ಪಕ್ಕದವರಿಗೆ ಮಾತು ಬರುತ್ತದೆ, ಓದು ಬರುವುದಿಲ್ಲ. ಕಣ್ಣಿನ ವಾರ್ಡಿನ ಇಬ್ಬರಿಗೆ ಕಣ್ಣಿಗೇ ಪಟ್ಟಿ.

"ಅಜ್ಜ ದಿನಾ ಪೇಪರ್ ಓದ್ತಾರೆ," ಎಂದರು ಅತ್ತಿಗೆ.

"ಅವರಿಗೆ ತಮ್ಮ ಹೆಸರೇ ಗೊತ್ತಿಲ್ಲ! ಏನಂತ ನಮೂದಿಸ್ತೀರ?" ಎಂದ ರೀಸ್ಟಾರ್ಟಪ್ಪ.

"ಹೆಸರು ಯಾರು ಕೇಳ್ತಾರೆ? ಅಲ್ಲಿ ಕೇಳೋದು ವಾರ್ಡು, ಹಾಸಿಗೆ ನಂಬರು ಎರಡೇ!" ಎನ್ನುತ್ತಲೇ ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಯಾರಿಗಿದೆ?

ಅಜ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಹಾಸಿಗೆಯ ಅಂಚಿನಲ್ಲಿ ವ್ಯಾನಿಗಾಗಿ ಕಾಯುತ್ತಿದ್ದರು. "ಅಜ್ಜ, ಇದನ್ನೊಂದು ಓದಿ ಹೇಳ್ತೀರಾ? ಅರ್ಥ ಆಗುತ್ತಾ ಇಲ್ವಾ ಅಂತ," ಎಂದೆ.

ಅವರು ಪರದೆಯನ್ನು ದೂರ ಹಿಡಿದು, ಗಟ್ಟಿಯಾಗಿ, ಒಂದೊಂದೇ ಸಾಲು ಓದಿದರು. ತಲೆಬರಹ ನಾನು ಹೆಮ್ಮೆಯಿಂದ ಬರೆದದ್ದು: 'ಗುರುತು ಪತ್ತೆಯಾಗದ ಒಳರೋಗಿಯ ಕುರಿತು ಸಾರ್ವಜನಿಕ ಪ್ರಕಟಣೆ'. ಅಜ್ಜ ಅಲ್ಲೇ ನಿಂತರು.

"ಇದೇನಮ್ಮ ಇದು, ಕೋರ್ಟಿನ ನೋಟೀಸು ಇದ್ದ ಹಾಗಿದೆ! ಮನೆಯೋರು ಗಾಬರಿ ಬೀಳ್ತಾರೆ. 'ಇವರು ನಿಮ್ಮ ಮನೆಯವರಾ?' ಅಂತ ಕೇಳು. ಸಾಕು."

ನನ್ನ ಮೂಗಿನ ತುದಿ ಬಿಸಿಯಾಯಿತು. ಅತ್ತಿಗೆ ಬೇರೆ ಕಿಸಕ್ಕೆಂದರು. ಏನು ಮಾಡಲಿ, ಅಜ್ಜ ಹೇಳಿದ್ದೇ ಸರಿಯಿತ್ತು, ಹಲ್ಲುಕಚ್ಚಿಕೊಂಡು ತಿದ್ದಿದೆ. ಉಳಿದದ್ದನ್ನು ಅವರು ತಡೆಯಿಲ್ಲದೆ ಓದಿಕೊಂಡು ಹೋದರು. ವಯಸ್ಸು, ಎತ್ತರ, ಎಲ್ಲಿ ಸಿಕ್ಕಿದರು, ಏನು ಮರೆತಿದ್ದಾರೆ, ಎಲ್ಲವನ್ನೂ. ಕೊನೆಗೆ ಫೋಟೊ ಬಂತು. ತಲೆಗೆ ಪಟ್ಟಿ, ವಾರದ ಗಡ್ಡ. ಅಜ್ಜ ಬಹಳ ಹೊತ್ತು ನೋಡಿದರು. ತಮ್ಮದೇ ಮುಖದ ಗುರುತು ಸಿಕ್ಕೀತೇ ಎಂದು ನಾನೂ ಅತ್ತಿಗೆಯೂ ಕಾದೆವು.

"ಅಯ್ಯೋ ಪಾಪ," ಎಂದರು ಅಜ್ಜ. "ಎಷ್ಟು ಸೊರಗಿದಾರೆ. ಮನೇಲಿ ಊಟ ತಿಂಡಿ ಬಿಟ್ಟು ಹುಡುಕ್ತಿರ್ತಾರಮ್ಮ. ಎಲ್ಲ ಅರ್ಥ ಆಯ್ತು, ಬೇಗ ಹಾಕು."

ಅತ್ತಿಗೆ ಸೆರಗಿನಿಂದ ಕಣ್ಣೊತ್ತಿಕೊಂಡರು. ನನಗೂ ಅಳು ಒತ್ತಿಬಂತು, ಆದರೆ ಅಳುತ್ತ ಕೂರಲು ಪುರುಸೊತ್ತಿರಲಿಲ್ಲ. ವಾರ್ಡು ಒತ್ತಿದೆ, ಹಾಸಿಗೆ ನಂಬರು ಒತ್ತಿದೆ, ಹಳದಿ ಹಸಿರಾಯಿತು. ಅಮ್ಮನಿಗೆ ಫೋನ್ ಮಾಡಿದೆ.

"ಬಂತು, ಬಂತು, ಕನ್ನಡ ಬಂತು!" ಅಮ್ಮ ಕಿರುಚಿದ್ದು ಪಕ್ಕದ ಹಾಸಿಗೆಯವರಿಗೂ ಕೇಳಿಸಿತು. "ಇಡು ಫೋನು, ಎಲ್ಲರಿಗೂ ಕಳಿಸ್ಬೇಕು!"

ನಮ್ಮಮ್ಮನಿಗೆ ಗುರುತಿನವರೆಂದರೆ ಅರ್ಧ ಊರು. ಅವರಿಗೆ ಗುರುತಿನವರು ಉಳಿದರ್ಧ. ಆದರೂ ಹೊತ್ತು ಇಳಿಯುತ್ತ ಬಂತು, ಫೋನು ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು. ವ್ಯಾನಿನ ಡ್ರೈವರು ಮೇಲೆ ಬಂದ. ಅತ್ತಿಗೆ ಅವನಿಗೆ ಕಾಫಿ ಕುಡಿಸಿದರು. ಮಾತ್ರೆ ಕೊಡಬೇಕು ಎಂದರು, ಬಿಪಿ ನೋಡಬೇಕು ಎಂದರು, ನೋಡಿದ ಬಿಪಿಯನ್ನೇ ಮತ್ತೆ ನೋಡಿದರು. "ಸಿಸ್ಟರ್, ಕತ್ತಲಾಗುತ್ತೆ," ಎಂದು ಅವನು ಅಜ್ಜನ ಚೀಲ ಎತ್ತಿಕೊಂಡ. ಅಜ್ಜ ಎದ್ದು ಅವನ ಹಿಂದೆ ಬಾಗಿಲ ತನಕ ನಡೆದರು.

ಆಗ ವಾರ್ಡಿನ ಫೋನು ಹೊಡೆದುಕೊಂಡಿತು.

"ನಮ್ಮಣ್ಣ ರೀ ಅದು! ನಮ್ಮಣ್ಣ!" ವಯಸ್ಸಾದ ಹೆಂಗಸಿನ ದನಿ. ಮುಂದಿನದೆಲ್ಲ ಬರೀ ಅಳು. ಇಂಥ ಎಷ್ಟೋ ಫೋನು ಸುಳ್ಳಾಗಿದ್ದವು. ನಾನು ಗಟ್ಟಿ ಮನಸ್ಸು ಮಾಡಿ, "ಪುಟದಲ್ಲಿ ಹಾಕಿಲ್ಲದ ಗುರುತು ಏನಾದ್ರೂ ಹೇಳಿ ಅಮ್ಮಾ," ಎಂದೆ.

"ಎಡಗೈ ಕಿರುಬೆರಳು. ಮಡಚೋಕಾಗಲ್ಲ ಅವನಿಗೆ, ಚಿಕ್ಕೋನಿದ್ದಾಗಿಂದ."

ನಾನದನ್ನು ಕೂಗಿ ಹೇಳಿದೊಡನೆ ಅತ್ತಿಗೆ ಬಾಗಿಲಲ್ಲೇ ಅಜ್ಜನ ಎಡಗೈ ಹಿಡಿದರು. "ಮುಷ್ಟಿ ಕಟ್ಟಿ ಅಜ್ಜ!" ನಾಲ್ಕು ಬೆರಳು ಮಡಚಿಕೊಂಡವು. ಕಿರುಬೆರಳು ಮಾತ್ರ ನೆಟ್ಟಗೆ ನಿಂತಿತು.

ಅತ್ತಿಗೆ ಡ್ರೈವರನ ಕೈಯಿಂದ ಚೀಲ ಕಿತ್ತುಕೊಂಡರು. ನಾನು ಅಜ್ಜನನ್ನು ಕೈಹಿಡಿದು ಕರೆತಂದು, ಫೋನನ್ನು ಅವರ ಕಿವಿಗಿಟ್ಟೆ. ಆ ಕಡೆಯ ಅಳು ಕೇಳಿ ಅವರ ಮುಖ ಕರಗಿಹೋಯಿತು.

"ಅಳಬೇಡಿ ತಾಯಿ," ಎಂದರು. "ನಿಮ್ಮೋರು ಯಾರಾದ್ರೂ ಕಳೆದುಹೋಗಿದಾರಾ? ಇಲ್ಲೊಬ್ಬಳು ಹುಡುಗಿ ಇದಾಳೆ. ಸ್ವಲ್ಪ ಸಿಡುಕಿ, ಆದ್ರೆ ಕೆಲಸ ಗಟ್ಟಿ. ಅವಳಿಗೆ ಹೇಳಿ, ಹುಡುಕಿಕೊಡ್ತಾಳೆ."

ಆ ಕಡೆ ಅಳುವಿನ ನಡುವೆಯೇ ನಗು ಬಂತು. "ನೀನೇ ಕಣೋ ಅಣ್ಣಾ! ನೀನೇ ಕಳೆದುಹೋಗಿದ್ದು!"

ಅಜ್ಜ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ನನ್ನನ್ನು ನೋಡಿದರು. "ನಾನಾ?"

"ಹೂಂ ಅಜ್ಜ. ನೀವೇ."

ಅವರು ಒಂದು ಗಳಿಗೆ ಯೋಚಿಸಿ ಫೋನನ್ನು ಮತ್ತೆ ಕಿವಿಗಿಟ್ಟುಕೊಂಡರು.

"ಹಾಗಾದ್ರೆ ಇಲ್ಲೇ ಇದೀನಮ್ಮ," ಎಂದರು. "ಬಂದು ಕರ್ಕೊಂಡು ಹೋಗು."