ಗುರಲಿಂಗಪ್ಪನ ಕಿವಿ

೧೯೭೧ರ ಹೊತ್ತಿಗೆ ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುವವನೆಂದು ಮುಂಬಯಿಯ ವಿಲೆ ಪಾರ್ಲೆಯ ಮೆಕ್ಯಾನಿಕ್ ಗುರಲಿಂಗಪ್ಪನಿಗೆ ಹೆಸರಿತ್ತು. ಅವನು ಬಿಚ್ಚಿ ಹೊಸದಾಗಿ ಜೋಡಿಸಿದ ರೇಸ್ ಕಾರಿನ ಎಂಜಿನ್ ಟಿಕ್‌ಟಿಕ್ ಅನ್ನುತ್ತಿದೆಯೆಂದು ಅದರ ಮಾಲೀಕ ಶೇಖರ ಶೆಟ್ಟರು ಕರೆದು ತೋರಿಸಿದರು. ಗುರಲಿಂಗಪ್ಪ ಸ್ಕ್ರೂಡ್ರೈವರಿನ ತುದಿಯನ್ನು ವಾಲ್ವುಗಳ ಮುಚ್ಚಳಕ್ಕೊತ್ತಿ, ಹಿಡಿಗೆ ಕಿವಿಗೊಟ್ಟ. ಏನೂ ಕೇಳಿಸಲಿಲ್ಲ.

"ಏನಿಲ್ರೀ ಶೆಟ್ರ, ಓಡಿದಂಗ ಸರಿಹೋಗ್ತೈತಿ" ಅಂದುಬಿಟ್ಟ.

ಊಟ ತಂದಿದ್ದ ಹೆಂಡತಿ ಹಾಲವ್ವ ಮೆಲ್ಲಗೆ, "ಹೊಲಿಗಿ ಮಷೀನ್ ಹಂಗ ಬಡೀಲಿಕ್ಕತ್ತೈತಲ್ರೀ. ನಿಮಗ ಕೇಳವಲ್ದೇನು?" ಎಂದಳು.

ಅವನ ಮುಖ ಇಳಿದುಹೋಯಿತು. ಕಿವಿ ಮಂದವಾಗಿ ವರ್ಷವಾಯಿತೆಂದು ಶೆಟ್ಟರೆದುರು ತಲೆ ತಗ್ಗಿಸಿ ಒಪ್ಪಿಕೊಂಡ. ಸ್ಕ್ರೂಡ್ರೈವರನ್ನು ಹೆಂಡತಿಗೆ ಕೊಟ್ಟು, "ಎಲ್ಲಿ ಜೋರೈತಿ, ನೀನ ಹೇಳು" ಎಂದ.

ಅವಳು ತೋರಿಸಿದಲ್ಲಿ ಬಿಚ್ಚಿದರೆ, ವಾಲ್ವಿನ ಸಂದು ಹಿಡಿದಿಡಲು ಅವನೇ ಬಿಗಿದಿದ್ದ ಟ್ಯಾಪೆಟ್ ನಟ್ಟು ಸಡಿಲವಾಗಿತ್ತು. ಶೆಟ್ಟರು ಸ್ಪ್ಯಾನರ್ ಎತ್ತಿ ಅವನ ಕೈಗೆ ಕೊಟ್ಟರು. ಬೈದಿದ್ದರೇ ಹಗುರಾಗುತ್ತಿತ್ತು ಅಂದುಕೊಳ್ಳುತ್ತ ಅವನು ಸ್ಪ್ಯಾನರ್ ತಿರುವಿದ.