ಬಾಗಿಲ ಬಲಗಡೆ

ಗೋಡೆಯ ಮೇಲಿನ ತನ್ನ ಚಿತ್ರ ಎಡಗಡೆ ಒಂದು ನೂಲಿನಷ್ಟು ಇಳಿದಿದೆ, ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಇಷ್ಟು ವರ್ಷ ಊರವರ ಮದುವೆ ಫೋಟೊ, ಊರವರ ಪದವಿಪತ್ರ, ಊರವರ ಸತ್ತ ನಾಯಿ ಎಲ್ಲಕ್ಕೂ ಚೌಕಟ್ಟು ಕಟ್ಟಿಕೊಟ್ಟವನ ಕಣ್ಣಿಗೆ ಬೀಳದೆ ಇದ್ದೀತೇ, ಎದ್ದು ಹೋಗಿ ಒಂದು ಬೆರಳಿನಿಂದ ತಟ್ಟಿದರೆ ಸಾಕು, ಆದರೆ ಕೆಳಗೆ ಆ ನೀಲಿ ರಿಬ್ಬನ್ನಿನ ಹೂವು, ಮೊದಲನೇ ಬಹುಮಾನ, ತನ್ನ ಬಹುಮಾನವನ್ನು ತಾನೇ ಸವರುತ್ತ ನಿಂತಿದ್ದಾನೆ ನೋಡು ಎಂದಾರು, ಇರಲಿ, ವಾಲಲಿ, ಕಟ್ಟಿದವನೇ ವಾಲಿದ್ದಾನೆ, ಅದರದೇನು. ಕಾಗದದ ಲೋಟದಲ್ಲಿ ಚಹಾ ಆರಿ ಕೆನೆ ಕಟ್ಟಿದೆ. ಸಮುದಾಯ ಭವನದ ನೆಲದ ತುಂಬ ಶಟಲ್ ಆಟದ ಬಿಳಿ ಗೆರೆಗಳು, ಮೊನ್ನೆಯವರೆಗೂ ಇಲ್ಲಿ ಡಾಕ್ಟರು ವಕೀಲರು ಹೊಟ್ಟೆ ಕರಗಿಸಲು ಕುಣಿಯುತ್ತಿದ್ದರು, ಈಗ ಗೋಡೆಯ ಮೇಲೆ ಹೂಕುಂಡ, ಸೂರ್ಯಾಸ್ತ, ಬೆಕ್ಕು, ಮತ್ತೆ ಸೂರ್ಯಾಸ್ತ, ಒಂದೇ ಊರಲ್ಲಿ ಇಷ್ಟು ಸಲ ಸೂರ್ಯ ಮುಳುಗಿದ ಮೇಲೂ ಬೆಳಗಾಗುತ್ತದಲ್ಲ, ಅದೇ ದೊಡ್ಡದು — ಈ ಮಾತು ಅಣ್ಣನಿಗೆ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಅಣ್ಣ ಇಲ್ಲ, ಅತ್ತಿಗೆ ಇದ್ದಾರೆ, ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಕಂದು ಕಾಗದ ಸುತ್ತಿದ ಅವರ ಚಿತ್ರ, ಬಾಗಿಲ ಹತ್ತಿರದ ಮೇಜಿನಿಂದ ವಾಪಸು ತೆಗೆದುಕೊಂಡದ್ದು, ಆಯ್ಕೆಯಾಗದವರು ದಯವಿಟ್ಟು ಇಂದೇ ಒಯ್ಯತಕ್ಕದ್ದು. ಬಹುಮಾನ ಕೂಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅವರೇ, ಚಿತ್ರ ಜಾರೀತೆಂದು ಮೊಣಕೈಯಲ್ಲಿ ಒತ್ತಿಕೊಂಡು, ಬರೀ ಅಂಗೈಗಳನ್ನು ಬಡಿದು. ಬಹುಮಾನ ಬಂತು, ಬಹು ದೂರ ಇರಲಿ, ಇದ್ದ ಒಂದು ಮಾನವೂ ಹೋಯಿತು.

ತೀರ್ಪುಗಾರರು ಮೂವರು, ಅವರಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅವನ ಗಂಟಲೊಳಗೇ ಬಂದು ಕೂತುಬಿಟ್ಟಿದ್ದಾರೆ, ಬೇಡವೆಂದರೂ ದನಿ ತಾನಾಗಿ ಏಳುತ್ತದೆ, ಚಿಕ್ಕಂದಿನ ಚಟ, ಹೆಡ್‌ಮಾಸ್ತರರ ದನಿ ತೆಗೆದು ಇಡೀ ಶಾಲೆಗೆ ರಜೆ ಕೊಟ್ಟು ಒದೆ ತಿಂದವನು — ಹ್ಮ್, ಇಲ್ಲಿ ಕಲಾವಿದರು, ಹ್ಮ್, ಶೂನ್ಯಕ್ಕೇ ಚೌಕಟ್ಟು ಹಾಕಿದಾರೆ, ಖಾಲಿತನಾನೇ ತುಂಬಿಸಿದಾರೆ. ಎಂಥ ಶೂನ್ಯವೋ, ಅದು ಅವನ ಅಂಗಡಿಯ ಹಿಂಗೋಡೆ, ಅದರ ಮೇಲೆ ಗಿರಾಕಿಗಳಿಲ್ಲದೆ ನೇತಾಡುವ ಖಾಲಿ ಚೌಕಟ್ಟುಗಳು, ಮಾಡಲು ಕೆಲಸವಿಲ್ಲದೆ ಕಂಡದ್ದನ್ನು ಬರೆದದ್ದು. ವರ್ಷ ವರ್ಷವೂ ಏನೋ ಒಂದು ಬರೆದು ಕೊಟ್ಟು ವರ್ಷ ವರ್ಷವೂ ಅದೇ ಮೇಜಿನಿಂದ ಹೊತ್ತುಕೊಂಡು ಹೋಗುತ್ತಿದ್ದ, ಅಣ್ಣ ಗೇಟಿನಲ್ಲೇ ಕಾದಿದ್ದು, ಏನೋ ಚೌಕಾಸಿ, ಈ ಸಲಾನೂ ಚೌಕಾಸಿ ಗಿಟ್ಟಲಿಲ್ವಾ, ಬಾ, ನಿನ್ನ ಚಿತ್ರಕ್ಕೆ ನಮ್ಮ ಗೋಡೆ ಇದೆಯಲ್ಲ — ಚೌಕಟ್ಟಿನವನಾದ್ದರಿಂದ ಚೌಕಾಸಿ, ಅಣ್ಣ ಇಟ್ಟ ಹೆಸರು, ಅತ್ತಿಗೆ ಬಾಯಿಗೂ ಅದೇ ಹತ್ತಿಕೊಂಡಿದೆ. ಅದೇ ಮೇಷ್ಟ್ರು, ಅದೇ ಹ್ಮ್, ಆಯ್ಕೆಯ ದಿನ ಅತ್ತಿಗೆಯ ಚಿತ್ರದ ಮುಂದೆ, ಹೆಸರಿನ ಚೀಟಿಯನ್ನೆಲ್ಲ ಮುಚ್ಚಿಟ್ಟಿದ್ದರು, ಯಾರದೆಂದು ಗೊತ್ತಿಲ್ಲ — ಹ್ಮ್, ಬಾಗಿಲು ಚೆನ್ನಾಗಿದೆ, ಒಳಗೆ ಬರ್ತಿರೋ ಬೆಳಕು ಇನ್ನೂ ಚೆನ್ನಾಗಿದೆ, ಆದ್ರೆ ಬೆಳಕು ಎಲ್ಲಿಗ್ರೀ ಹೋಗ್ತಿದೆ? ಕಣ್ಣನ್ನ ಬಲಗಡೆಗೆ ಕರ್ಕೊಂಡು ಹೋಗಿ ಅಲ್ಲಿ ಏನೂ ಇಲ್ಲ ಅಂದ್ರೆ, ಊಟಕ್ಕೆ ಕರೆದು ಬಾಗಿಲು ಹಾಕ್ಕೊಂಡ ಹಾಗಾಯ್ತಲ್ಲ. ಪಕ್ಕಕ್ಕೆ ಇಡಿ. ಅವನು ಅಲ್ಲೇ ಇದ್ದ, ಸ್ಟೂಲಿನ ಮೇಲೆ, ಸುತ್ತಿಗೆ ಹಿಡಿದು, ಗೋಡೆಗೆ ಮೊಳೆ ಹೊಡೆದುಕೊಡಲು ಅವನನ್ನೇ ಕರೆಯುತ್ತಾರೆ ಪ್ರತಿ ವರ್ಷ, ತುಟಿಗಳ ನಡುವೆ ಮೊಳೆ ಕಚ್ಚಿಕೊಂಡಿದ್ದ, ಬಾಯಲ್ಲಿ ಮೊಳೆ ಇಟ್ಟುಕೊಂಡು ಮಾತಾಡುವುದು ಹೇಗೆ, ಸಾರ್ ಅಲ್ಲಿ ಒಂದು ಜೊತೆ ಚಪ್ಪಲಿ ಇತ್ತು ಎನ್ನುವುದು ಹೇಗೆ — ಉಗಿಯಬಹುದಿತ್ತು, ಮೊಳೆ ಉಗಿಯಲು ಎಷ್ಟು ಹೊತ್ತು ಬೇಕು.

ಒಂದು ನೆಟ್ಟಗೆ, ಒಂದು ಬೋರಲು. ಅಣ್ಣ ಹಾಗೇ ಬಿಡುತ್ತಿದ್ದದ್ದು, ಹೊರಗಿನಿಂದ ಬರುವಾಗಲೇ ಬಾಗಿಲಲ್ಲಿ ಕಾಲು ಝಾಡಿಸಿ, ಒಂದು ನೆಟ್ಟಗೆ ಬೀಳುತ್ತಿತ್ತು, ಇನ್ನೊಂದು ಪಲ್ಟಿ ಹೊಡೆದು ಬೋರಲು, ಆಮೇಲೆ ಮತ್ತೆ ಹೊರಡುವಾಗ ಇಡೀ ಮನೆಗೆ ಕೇಳುವ ಹಾಗೆ, ಮೂಗಿನಲ್ಲಿ ರಾಗ ಎಳೆದು, ಯಾರ್ರೀ ಅದು ನನ್ನ ಚಪ್ಪಲಿ ತೆಗೆದೋರು, ಅತ್ತಿಗೆ ಒಳಗಿನಿಂದಲೇ, ತಲೆ ಎತ್ತದೆ, ಯಾರೂ ತೆಗೆದಿಲ್ಲ, ಅಲ್ಲೇ ಇದಾವೆ ನೋಡಿ, ಬಾಗಿಲ ಬಲಗಡೆ. ದಿನಾ. ಅದಕ್ಕೂ ಹಿಂದೆ, ಮದುವೆಗೂ ಮುಂಚೆ, ಅಮ್ಮ ಇದ್ದಾಗ, ನಿಜವಾಗಿಯೂ ತೆಗೆದು ಬಚ್ಚಿಡುತ್ತಿದ್ದವನು ಇವನೇ, ಒಂದೇ ಒಂದನ್ನು, ಅಕ್ಕಿ ಡಬ್ಬದ ಹಿಂದೆ, ಒಂದು ಚಪ್ಪಲಿ ಇಲ್ಲದೆ ಅಣ್ಣ ಆಟಕ್ಕೆ ಹೋಗಲಾರ, ತನ್ನನ್ನು ಬಿಟ್ಟು ಹೋಗಲಾರ, ಲೇ ಕೊಡೋ, ನಿನ್ನೂ ಕರ್ಕೊಂಡು ಹೋಗ್ತೀನಿ ಮಾರಾಯ. ಆ ಬೆಳಗ್ಗೆ ಮಾತ್ರ ಅಣ್ಣ ಯಾರನ್ನೂ ಕೇಳಲಿಲ್ಲ, ಸ್ಟ್ರೆಚರಿನ ಮೇಲೆ ಬರಿಗಾಲಲ್ಲಿ ಹೋದ, ಕಾಲೆರಡೂ ಹೊದಿಕೆಯಿಂದ ಆಚೆ, ಚಪ್ಪಲಿ ಬಾಗಿಲಲ್ಲೇ ಉಳಿದವು. ಅತ್ತಿಗೆ ಅವನ್ನು ಮುಟ್ಟಲಿಲ್ಲ, ಸುತ್ತ ಗುಡಿಸಿದರು, ಸುತ್ತ ಒರೆಸಿದರು, ಆಮೇಲೆ ಒಂದು ದಿನ ಇದೇ ಭವನದ ಸಂಜೆ ತರಗತಿಗೆ ಸೇರಿ ಕುಂಚ ಹಿಡಿದರು, ಈ ವಯಸ್ಸಲ್ಲಿ ನಂಗ್ಯಾಕೋ ಅಂತ ಅನ್ಸುತ್ತೆ ಚೌಕಾಸಿ, ಆದ್ರೆ ಸುಮ್ನೆ ಕೂತ್ರೆ ಗೋಡೆ ಮಾತಾಡುತ್ತೆ. ಬಾಗಿಲನ್ನೇ ಬರೆದರು, ತಿಂಗಳುಗಟ್ಟಲೆ, ಅದೇ ಬಾಗಿಲು, ಹರಿದರು, ಮತ್ತೆ ಬರೆದರು, ಕೊನೆಗೊಂದು ಮಧ್ಯಾಹ್ನ ಅಂಗಡಿಗೆ ಬಂದು ಸುರುಳಿ ಬಿಚ್ಚಿದರು — ಅರೆ ತೆರೆದ ಬಾಗಿಲು, ಅದರ ಸಂದಿಯಿಂದ ನೆಲದುದ್ದಕ್ಕೂ ಒಂದು ಬೆಳಕಿನ ಪಟ್ಟಿ, ಬೆಳಕು ಬಲಕ್ಕೆ ಹರಿದು ಹರಿದು ಕಾಗದದ ಅಂಚಿಗೆ ಹೋಗಿ ನಿಲ್ಲುವ ಜಾಗದಲ್ಲಿ, ಒಂದು ನೆಟ್ಟಗೆ, ಒಂದು ಬೋರಲು. ಬೋರಲಾದದ್ದರ ಹಿಮ್ಮಡಿಯ ಸವಕಳಿ ಕೂಡ ಬಿಟ್ಟಿರಲಿಲ್ಲ. ಹೇಗಿದೆ ಹೇಳೋ. ಚೆನ್ನಾಗಿದೆ ಅತ್ತಿಗೆ. ಸುಳ್ಳು ಹೇಳಬೇಡ. ಇಲ್ಲ, ನಿಜವಾಗ್ಲೂ. ನಿಜವಾಗಿಯೂ ಆಗಿತ್ತು, ಅದೇ ಬಂದದ್ದು ಕಷ್ಟ, ಇಷ್ಟು ವರ್ಷ ಬಣ್ಣ ಹಚ್ಚಿದವನು ಇವನು, ಇವರು ಮೊನ್ನೆ ಮೊನ್ನೆ ಕುಂಚ ತೊಳೆಯಲು ಕಲಿತವರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದರು, ಹೇಳೋದೇ ಮರೆತೆ, ಇದು ಮುಗೀತಲ್ಲ, ನಿಜದ್ದನ್ನ ಕಸದ ಗಾಡಿಗೆ ಹಾಕ್ಬಿಟ್ಟೆ ಕಣೋ, ಧೈರ್ಯ ಬಂತು, ಇನ್ನು ಇದರಲ್ಲಿ ಇದಾವಲ್ಲ.

ಚೌಕಟ್ಟು ಚಿಕ್ಕದಾಗಿತ್ತು. ಅಷ್ಟೇ. ಸಂಜೆ ಐದಕ್ಕೆ ಚಿತ್ರ ಒಪ್ಪಿಸಲು ಕೊನೆ, ಗಾಜು ಕತ್ತರಿಸಿ ಆಗಿತ್ತು, ಕಾಗದ ಎರಡು ಬೆರಳು ಹೆಚ್ಚು, ಸ್ಟೀಲ್ ಸ್ಕೇಲ್ ಇಟ್ಟ, ಬ್ಲೇಡ್ ಎಳೆದ, ದಿನಾ ಹತ್ತು ಜನರ ಪೋಸ್ಟರಿಗೆ ಮಾಡುವ ಕೆಲಸ, ಚೌಕಟ್ಟು ಚಿಕ್ಕದಾಗಿತ್ತು — ಯಾಕೆ ಚಿಕ್ಕದಾಗಿತ್ತು. ಯಾರೋ ಮಾಡಿಸಿ ತೆಗೆದುಕೊಂಡು ಹೋಗದೆ ಬಿಟ್ಟ ಹಳೆಯದು, ಅದಕ್ಕೆ. ಹಳೆಯದು ಯಾಕೆ, ತೇಗದ ಪಟ್ಟಿ ಇತ್ತಲ್ಲ, ಉದ್ದನೆಯದು, ಒಂದು ದೊಡ್ಡ ಚಿತ್ರಕ್ಕಾಗುವಷ್ಟು, ಇದನ್ನ ನಂಗೇ ಇಟ್ಟಿರು ಚೌಕಾಸಿ ಅಂತ ಅವರೇ ಬೆರಳಾಡಿಸಿ ಹೇಳಿ ಹೋಗಿದ್ದರಲ್ಲ. ಇತ್ತು. ಅವರಿಗಿಟ್ಟ ತೇಗ ನುಂಗಿ ನೀನೇ ತೇಗಿದೆ, ನಿನ್ನ ಖಾಲಿ ಗೋಡೆಯ ಸುತ್ತ ಕಟ್ಟಿಕೊಂಡೆ, ನೋಡು, ಅಲ್ಲಿ ಹೊಳೆಯುತ್ತಿದೆ ನೀಲಿ ರಿಬ್ಬನ್ನಿನ ಮೇಲೆ. ಸರಿ, ತೇಗ ತೆಗೆದುಕೊಂಡೆ, ಆದರೆ ಚಪ್ಪಲಿ, ಅವಸರದಲ್ಲಿ ಕಣ್ಣಿಗೆ ಬೀಳಲಿಲ್ಲ, ಎಡ ಅಂಚನ್ನು ಕತ್ತರಿಸಬಹುದಿತ್ತು, ಅಲ್ಲಿ ಬರೀ ಸುಣ್ಣದ ಗೋಡೆ, ಎರಡು ಬೆರಳು ಹೋದರೆ ಯಾರೂ ಕೇಳುತ್ತಿರಲಿಲ್ಲ — ಇಟ್ಟಿದ್ದೆ, ಸ್ಕೇಲನ್ನು ಮೊದಲು ಎಡಕ್ಕೇ ಇಟ್ಟಿದ್ದೆ. ಆಮೇಲೆ ಎತ್ತಿ ಬಲಕ್ಕೆ ಇಟ್ಟೆ. ಅಂಚಿನಲ್ಲಿ ಗಲೀಜು ಜಾಸ್ತಿಯಾಯಿತು, ಕಣ್ಣು ಹೊರಗೆ ಓಡುತ್ತದೆ, ಹ್ಮ್, ಇದಿಲ್ಲದಿದ್ದರೆ ಚಿತ್ರ ಇನ್ನೂ ಅಚ್ಚುಕಟ್ಟು ಎಂದು ಇನ್ಯಾರದೋ ದನಿಯಲ್ಲಿ ತನಗೆ ತಾನೇ ಹೇಳಿಕೊಂಡು. ಅಂಚು ಎಂದು ಕತ್ತರಿಸಿದ್ದೋ ಸಂಚೋ, ಬ್ಲೇಡಿಗೇನು ಗೊತ್ತು, ಅದು ಒಂದೇ ಎಳೆತಕ್ಕೆ ಹೋಯಿತು, ಸದ್ದೂ ಇಲ್ಲ, ಪಟ್ಟಿ ಸುರುಳಿ ಸುತ್ತಿಕೊಂಡು ಮೇಜಿನ ಮೇಲೆ ಬಿತ್ತು, ಒಂದು ನೆಟ್ಟಗೆ, ಒಂದು ಬೋರಲು. ಆಮೇಲೆ ಹುಡುಕಿದ, ಆಯ್ಕೆಯ ದಿನ ಮೊಳೆ ಉಗಿಯದೆ ಹೋದ ಮೇಲೆ ಅಂಗಡಿಗೆ ಓಡಿ ಮೇಜಿನಡಿ, ಕಸದ ಬುಟ್ಟಿ, ಗಾಜಿನ ಚೂರಿನ ಡಬ್ಬ ಎಲ್ಲ ತಡಕಿದ, ಬೆರಳು ಕೊಯ್ದುಕೊಂಡ, ಅಂಟಿಸಬಹುದು, ಹಿಂದಿನಿಂದ ತೆಳು ಕಾಗದ ಕೊಟ್ಟು ಗೆರೆಯೂ ಕಾಣದ ಹಾಗೆ ಕೂಡಿಸಬಹುದು, ಆ ಕೈಚಳಕ ಇದೆ ಅವನಿಗೆ, ಪಟ್ಟಿ ಸಿಕ್ಕಿದರೆ ಸಾಕು, ಸಿಗಲಿಲ್ಲ. ಎಲ್ಲಿ ಹೋಯಿತು, ರೆಕ್ಕೆ ಬಂದು ಹಾರಿತೇ.

ಕಲಾ ಸಂಘದ ಕಾರ್ಯದರ್ಶಿ ಬರುತ್ತಿದ್ದಾರೆ, ಹಲ್ಲಿನ ಡಾಕ್ಟರು, ಸಂಘದ ಕೆಲಸದಲ್ಲೂ ಎಲ್ಲರನ್ನೂ ಬಾಯಿ ತೆರೆಸುವ ದನಿ, ಆ ಅನ್ನಿ, ಇನ್ನೂ ದೊಡ್ಡದಾಗಿ, ಆ — ಇವರ ದನಿ ತೆಗೆಯುವುದು ಎಡಗೈಯ ಕೆಲಸ. ಏನ್ರೀ ಕಲಾವಿದರೇ, ನಿಮ್ಮ ಚಿತ್ರ ಸ್ವಲ್ಪ ವಾಲಿದೆಯಲ್ಲ ಎನ್ನುತ್ತ ಅವರೇ ಹೋಗಿ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿದರು, ಮಾಡಿ ಸುಮ್ಮನಿರದೆ ಹಲ್ಲು ಅಲ್ಲಾಡಿಸಿ ನೋಡುವ ಹಾಗೆ ಒಮ್ಮೆ ಅಲ್ಲಾಡಿಸಿದರು, ಪರವಾಗಿಲ್ಲ ಕಣ್ರೀ, ಬೇರೆಯವರದೆಲ್ಲ ಒಳಗೆ ಲಟಲಟ ಅಂತವೆ, ನಿಮ್ಮದು ಕಲ್ಲು ಕೂತ ಹಾಗೆ ಕೂತಿದೆ. ಕೂತಿದೆ. ಕೂರುತ್ತಿರಲಿಲ್ಲ. ಅವತ್ತು ತೇಗದ ಚೌಕಟ್ಟಿಗೆ ತನ್ನ ಚಿತ್ರ ಇಟ್ಟಾಗ ಅದೂ ಲಟಲಟ ಎಂದಿತ್ತು, ಮೇಲಂಚಿನಲ್ಲಿ ಸಂದು ಉಳಿದಿತ್ತು, ಐದಕ್ಕೆ ಹತ್ತಿರವಾಗಿತ್ತು, ಸಂದಿಗೆ ತುರುಕಲು ಏನಾದರೂ ಬೇಕು, ಯಾವಾಗಲೂ ಹಾಗೇ, ಕತ್ತರಿಸಿ ಉಳಿದ ಯಾವುದೋ ತುಂಡನ್ನು ಮಡಿಸಿ ತುರುಕುವುದು, ಕಣ್ಣು ಗಡಿಯಾರದ ಮೇಲಿತ್ತು, ಕೈ ತಾನಾಗಿ ಮೇಜು ತಡವಿ ಸಿಕ್ಕಿದ್ದನ್ನು ಎತ್ತಿ, ದಪ್ಪ ಕಾಗದ, ಒಳ್ಳೆ ಕಾಗದ, ನಡುವೆ ಮಡಿಸಿ, ಉಗುರಲ್ಲಿ ಒತ್ತಿ, ಸಂದಿಗೆ ನೂಕಿ, ಹಿಂದಿನ ರಟ್ಟು ಮುಚ್ಚಿ, ಮೊಳೆ ಹೊಡೆದು, ಟೇಪು ಎಳೆದು — ಅಲ್ಲ. ಅದು ಬೇರೆ ಕಾಗದ ಇರಬಹುದು. ಮೇಜಿನ ಮೇಲೆ ಇನ್ನೇನಿತ್ತು. ಏನೂ ಇರಲಿಲ್ಲ. ಅಕ್ಕಿ ಡಬ್ಬದ ಹಿಂದೆ ಒಂದು ಚಪ್ಪಲಿ, ಕೊಡೋ ಮಾರಾಯ. ಕಾರ್ಯದರ್ಶಿ ಮಾತಾಡುತ್ತಲೇ ಇದ್ದಾರೆ, ಸಂಘದ ಪದ್ಧತಿ ಗೊತ್ತಲ್ಲ, ಮೊದಲನೇ ಬಹುಮಾನದ್ದು ಗ್ರಂಥಾಲಯದ ಗೋಡೆಗೆ, ಶಾಶ್ವತವಾಗಿ, ನಾಳೆ ಬೆಳಗ್ಗೆನೇ ತಿರುಪು ಹಾಕಿ ಬಿಗಿದುಬಿಡ್ತೀವಿ, ಯಾರೂ ಕದಿಯಬಾರದು ನೋಡಿ, ಹೂಂ ಅನ್ನಿ ಸಾಕು. ಬಾಯಿ ತೆರೆದಿದೆ, ಹಲ್ಲಿನ ಡಾಕ್ಟರ ಮುಂದೆ ತೆರೆದಂತೆ, ಹೂಂ ಬರುವುದಿಲ್ಲ, ಉಹೂಂ ಬರುವುದಿಲ್ಲ, ಒಂದ್ನಿಮಿಷ ಸಾರ್, ಅದನ್ನ ಒಮ್ಮೆ ಬಿಚ್ಚಬೇಕು, ಯಾಕ್ರೀ ಬಿಚ್ಚೋದು ಕಲ್ಲು ಕೂತ ಹಾಗೆ ಕೂತಿರೋದನ್ನ, ಎಂದು ನಗುತ್ತಾರೆ, ಅಷ್ಟರಲ್ಲಿ ಅತ್ತಿಗೆ.

ಅತ್ತಿಗೆ ಬಂದರು, ಬಗಲಲ್ಲಿ ಕಂದು ಕಾಗದ, ಅವನಿಗೆ ಸಂಕೋಚ ಡಾಕ್ಟರೇ, ಹೊಗಳಿದ್ರೆ ಹೀಗೇ ಗರ ಬಡಿದೋನ ಹಾಗೆ ನಿಲ್ತಾನೆ, ಹೂಂ ಅಂದ ಅಂತಾನೇ ತಗೊಳ್ಳಿ, ಅವರಣ್ಣ ಇಲ್ದಿದ್ರೆ ಏನಾಯ್ತು, ಮನೆಗೆ ದೊಡ್ಡೋಳು ನಾನು ಹೇಳ್ತಿದೀನಲ್ಲ, ಧಾರಾಳವಾಗಿ ತಗೊಂಡ್ಹೋಗಿ. ಅಲ್ಲ ಅತ್ತಿಗೆ — ಸುಮ್ನಿರೋ. ಡಾಕ್ಟರು ಕೈ ಕುಲುಕಿ ಹೋದರು, ಹೋಗಿಬಿಟ್ಟರು, ಅತ್ತಿಗೆ ತೇಗದ ಪಟ್ಟಿಯ ಮೇಲೆ ಬೆರಳಾಡಿಸಿದರು, ಅಂಗಡಿಯಲ್ಲಿ ಆಡಿಸಿದ ಹಾಗೇ, ತಮಗಿಟ್ಟ ತೇಗವೇ ಎಂದು ಗೊತ್ತಾಯಿತು, ಗೊತ್ತಾಗಿಯೇ ಆಡಿಸುತ್ತಿದ್ದಾರೆ, ಒಳ್ಳೇದಾಯ್ತು ಬಿಡು, ಇದಕ್ಕೇ ಒಪ್ಪುತ್ತೆ ಇದು. ಅತ್ತಿಗೆ ನಿಮ್ಮ ಚಿತ್ರ, ನಾನು — ನನ್ನದಕ್ಕೇನೋ, ನಮ್ಮ ಗೋಡೆ ಇದೆಯಲ್ಲ, ಒಂದು ಸಣ್ಣ ಕೆಲಸ ಮಾತ್ರ, ಚಿತ್ರದ ಸುತ್ತ ನೀನು ಹಾಕಿರೋ ರಟ್ಟು ಬಲಗಡೆ ಸ್ವಲ್ಪ ಒಳಗೆ ಬಂದ್ಬಿಟ್ಟಿದೆ, ಅದರಡಿ ಚಪ್ಪಲಿ ಮುಚ್ಚಿಹೋಗಿವೆ, ಪುರುಸೊತ್ತಾದಾಗ ಸರಿಸಿ ಕೊಡು, ಅವಸರ ಇಲ್ಲ, ಒಳಗಿದಾವೆ ಅಂತ ನಂಗೆ ಗೊತ್ತಲ್ಲ. ಈಗ. ಈಗ ಹೇಳು. ಮೊಳೆ ಇಲ್ಲ ಬಾಯಲ್ಲಿ. ಚಹಾದ ಕೆನೆ ನಾಲಿಗೆಗೆ ಅಂಟಿದೆ, ಶಟಲ್ ಅಂಗಳದ ಬಿಳಿ ಗೆರೆಯ ಈಚೆ ಇವನು, ಆಚೆ ಅವರು, ಹಿಂದೆ ಗೋಡೆಯಲ್ಲಿ ಅದು, ಅವರ ತಲೆಯ ಸರಿ ಮೇಲೆ, ಮಡಿಸಿಕೊಂಡು. ಯಾಕೋ ಮುಖ ಹೀಗೆ, ಗೆದ್ದೋನು ಹೀಗಿರ್ತಾನಾ, ನಿಮ್ಮಣ್ಣ ಇದ್ದಿದ್ರೆ ಇವತ್ತು ಈ ಭವನ ಮೇಲೆ ಕೆಳಗೆ ಮಾಡೋರು, ಎಷ್ಟು ದಿನ ಆಯ್ತು ನೀನು ಅವರ ದನಿ ತೆಗೆದು, ಅವರು ಹೋದ ಮೇಲೆ ತೆಗೆದೇ ಇಲ್ಲ, ನಾನೂ ಕೇಳಬಾರದು ಅಂತಿದ್ದೆ, ಇವತ್ತೊಂದು ಸಲ, ಮೆಲ್ಲಗೆ, ಏನನ್ನೋರು ಹೇಳು. ಬೇಡ ಅತ್ತಿಗೆ. ಒಂದ್ಸಲ ಕಣೋ. ಹೇಳಿಬಿಡು, ನಾನೇ ಕತ್ತರಿಸಿದೆ ಅತ್ತಿಗೆ, ನೋಡಿಯೇ ಕತ್ತರಿಸಿದೆ, ಅದು ಇಲ್ಲಿದೆ, ಇದರೊಳಗೆ, ಬಾಯಿ ತೆರೆಯಿತು, ಎದೆಯಿಂದ ಮೂಗಿಗೆ ಏರಿತು, ರಾಗ ಎಳೆಯಿತು, ಬಂದದ್ದು ಇವನ ದನಿಯಲ್ಲ — ಯಾರ್ರೀ ಅದು ನನ್ನ ಚಪ್ಪಲಿ ತೆಗೆದೋರು.

ಅತ್ತಿಗೆ ನಕ್ಕರು, ಬಗಲಿನ ಚಿತ್ರ ಜಾರುವಷ್ಟು ನಕ್ಕರು, ಇವನೇ ಹಿಡಿದುಕೊಂಡ, ಕಂದು ಕಾಗದದ ಮೇಲೆ ಇಬ್ಬರ ಕೈ, ಸೆರಗಿನಿಂದ ಕಣ್ಣೊತ್ತಿಕೊಂಡು, ಇನ್ನೂ ನಗುತ್ತ, ತಲೆ ಎತ್ತದೆ, ಒಳಮನೆಯಿಂದ ಕೂಗುವ ಹಾಗೆ, ಯಾರೂ ತೆಗೆದಿಲ್ಲ, ಅಲ್ಲೇ ಇದಾವೆ ನೋಡಿ, ಬಾಗಿಲ ಬಲಗಡೆ — ಅವರ ಹಿಂದೆ ಗೋಡೆಯಲ್ಲಿ ಈಗ ನೂಲಿನಷ್ಟೂ ವಾಲದ ಚೌಕಟ್ಟು, ಅಲ್ಲಾಡದ್ದು, ನಾಳೆ ಬೆಳಗ್ಗೆ ತಿರುಪು, ಟೇಪಿನಡಿ ರಟ್ಟು, ರಟ್ಟಿನಡಿ ಮಡಿಕೆ, ಮಡಿಕೆಯೊಳಗೆ ಮುಖಕ್ಕೆ ಮುಖ ಒತ್ತಿಕೊಂಡು, ಒಂದು ನೆಟ್ಟಗೆ, ಒಂದು ಬೋರಲು, ಒಂದು ನೆಟ್ಟಗೆ, ಒಂದು