ನಿಲ್ಲದ ತಮಟೆ

ಅಜ್ಜಿ ದೊಡ್ಡತಾಯಮ್ಮ ಸತ್ತ ದಿನ ನನ್ನ ಮಾವನ ಮಗ ದಿಲೀಪ್ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ತಮಟೆ ತಯಾರಿಸುತ್ತಿದ್ದ. ಒಳಗೆ ಹೆಣಕ್ಕೆ ನೀರು ಹಾಕುತ್ತಿದ್ದರು. ಇವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತಲೆ ಕುಣಿಸುತ್ತಿದ್ದ.

ಅವನನ್ನು ಬೈಯುವ ಮೊದಲು ಅವನ ಅಪ್ಪ ಕೆಂಪಣ್ಣ ಮಾವನನ್ನು ಬೈಯಬೇಕು. ಹಳ್ಳಿಮೈಸೂರಿನ ಹತ್ತಿರದ ಅಮ್ಮನ ತವರೂರಲ್ಲಿ ಯಾರು ಸತ್ತರೂ ತಮಟೆ ಬಡಿಯುತ್ತಿದ್ದವರು ಬಸವರಾಜು ಮತ್ತು ಅವನ ಜೊತೆಯವರು. ಹಿಂದಿನ ವರ್ಷ ಚಿಕ್ಕಜ್ಜ ತೀರಿಕೊಂಡಾಗ, ಬಿಸಿಲಲ್ಲಿ ಬಡಿದು ಬಂದ ಅವರಿಗೆ ತಿಥಿಯ ದಿನ ಕೆಂಪಣ್ಣ ಮಾವ ತಿಪ್ಪೆಯ ಪಕ್ಕ ಎಲೆ ಹಾಕಿಸಿದ. ಅವರು ಉಣ್ಣದೆ ಎದ್ದು ಹೋದರು. "ಇನ್ಮೇಲೆ ನೆಂಟ್ರನ್ನ ಕರ್ದಂಗೆ ನಮ್ ಬಾಗ್ಲಿಗೆ ಬಂದು ಕರೀರಿ, ಬತ್ತೀವಿ" ಎಂದು ಬಸವರಾಜು ಹೇಳಿ ಕಳಿಸಿದ. ಮಾವ ಊರಿಗೆ ಯಜಮಾನ. ಹೆತ್ತ ತಾಯಿ ಸತ್ತು ಮಲಗಿದ್ದರೂ ಅವನ ಕಾಲು ಆ ಬೀದಿಯ ಕಡೆ ಏಳಲಿಲ್ಲ.

ಆಗ ನೆನಪಾದದ್ದು ಮಗನ ಸ್ಟುಡಿಯೊ. ದಿಲೀಪ್ ಹಾಸನದಲ್ಲಿ ದೇವರ ಹಾಡುಗಳ ಸಿ.ಡಿ. ಮಾಡುತ್ತಿದ್ದ. ಆ ಜಗಳಕ್ಕೂ ಮೊದಲು ಯಾವುದೋ ಸಿ.ಡಿ.ಗೆಂದು ಬಸವರಾಜುವನ್ನು ಕೂರಿಸಿ ಅವನ ಒಂದೊಂದು ಪೆಟ್ಟನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದ. ಆ ಪೆಟ್ಟುಗಳನ್ನೆಲ್ಲ ಸಾಫ್ಟ್‌ವೇರಿಗೆ ತುಂಬಿದರೆ ಅದೇ ಹೊಸ ಹೊಸ ಗತ್ತು, ಬಡಿತದ ವರಸೆ, ಕಟ್ಟಿಕೊಂಡು ಹೋಗುತ್ತದಂತೆ.

"ಕೇಳು ಅನು," ಎಂದು ಹೆಡ್‌ಫೋನ್ ನನ್ನ ತಲೆಗೆ ಹಾಕಿದ. ನಾನು ಹಾಸನದಲ್ಲಿ ಬಿ.ಕಾಂ. ಓದುತ್ತ ಕಂಪ್ಯೂಟರ್ ಕ್ಲಾಸಿಗೂ ಹೋಗುತ್ತಿದ್ದೆ. ಇಡೀ ಮನೆಯಲ್ಲಿ ಅವನ ಹೆಚ್ಚುಗಾರಿಕೆ ಅರ್ಥವಾಗುವುದು ನನಗೊಬ್ಬಳಿಗೇ ಎಂಬ ಭಾವನೆ ಅವನಿಗೆ. ಪರದೆಯ ಮೇಲೆ ರೇಡಿಯೊದಲ್ಲಿರುವಂಥ ತಿರುಗಣೆಗಳ ಸಾಲು. "ಇದು ಡೆನ್ಸಿಟಿ. ಪೆಟ್ಟು ಎಷ್ಟು ಒತ್ತಾಗಿ ಬೀಳ್ಬೇಕು ಅನ್ನೋದು. ಇದು ವೇರಿಯೇಶನ್. ಏರಿಸಿದ್ರೆ ಒಂದ್ಸಲ ಬಂದಿದ್ದು ಇನ್ನೊಂದ್ಸಲ ಬರಲ್ಲ."

"ಈ ರೆಸ್ಟ್ ಯಾಕೆ?"

"ಮಧ್ಯ ಮಧ್ಯ ನಿಲ್ಲೋಕೆ. ತಮಟೆ ಬೆಂಕಿಗಿಡಿದು ಕಾಯಿಸ್ತಾರಲ್ಲ, ಅಷ್ಟೊತ್ತು."

ರೆಸ್ಟಿನ ತಿರುಗಣೆಯನ್ನು ಅರ್ಧಕ್ಕಿಟ್ಟಿದ್ದ. ಕೇಳಿದೆ. ತಮಟೆ ಒತ್ತಾಯಿತು, ತೂಗಿತು, ತೆಳುವಾಯಿತು, ನಿಂತಿತು. ಆಮೇಲೆ ಒಂದು ತಮಟೆ ಸಣ್ಣಗೆ ಕೆಣಕಿತು, ಉಳಿದವು ಬಂದು ಕೂಡಿಕೊಂಡವು. ಬೈಯಬೇಕೆಂದು ಕೂತಿದ್ದ ನನಗೆ ಮೈ ಜುಮ್ಮೆಂದಿತು. ಒಳಗೆ ಹೋಗಿ ಅಮ್ಮನಿಗೆ ಹೇಳಿದೆ, "ನಿಲ್ತದೆ ಅಮ್ಮ. ನಾನೇ ಕೇಳ್ದೆ."

ಅಮ್ಮ ಕಣ್ಣು ಒರೆಸಿಕೊಂಡಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ನಮ್ಮ ಕಡೆ ಹೆಣವನ್ನು ಊರಾಚೆಯ ಕಲ್ಲಿನ ಹತ್ತಿರ ಇಳಿಸುತ್ತಾರೆ. ಹೆಂಗಸರು ಅಲ್ಲಿಂದ ಮುಂದೆ ಹೋಗುವಂತಿಲ್ಲ. ತಮಟೆಯವರು ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸಿಕೊಳ್ಳುವಾಗ ಸದ್ದು ನಿಲ್ಲುತ್ತದೆ. ಆಗ ಹೆಣ್ಣುಮಕ್ಕಳು ಸತ್ತವರ ತಲೆಯ ಬಳಿ ಕೂತು, ಅಳುತ್ತಲೇ, ರಾಗ ಎಳೆದು, ಆಡಬೇಕಾದದ್ದನ್ನೆಲ್ಲ ಆಡುತ್ತಾರೆ. ಅಲ್ಲಿ ಏನೇ ಕೇಳಿದರೂ ಯಾರೂ ತಪ್ಪು ಹಿಡಿಯುವುದಿಲ್ಲ, ಆಮೇಲೆ ಎತ್ತಿ ಆಡುವುದೂ ಇಲ್ಲ. ಬೇರೆ ಕಡೆ ಆಡಿದರೆ ಜಗಳವಾಗುವ ಮಾತಿಗೆ ಅದೊಂದೇ ಜಾಗ.

ಅಮ್ಮನ ಹತ್ತಿರ ಅಂಥ ಒಂದು ಮಾತಿತ್ತು. ನಾನು ಕಂಕುಳ ಕೂಸಾಗಿದ್ದಾಗ ಅಪ್ಪನ ಹೊಡೆತ ತಡೆಯಲಾರದೆ ಅವಳು ತವರಿಗೆ ಓಡಿ ಬಂದಿದ್ದಳು. ಬಾಗಿಲು ತೆರೆಯಲಿಲ್ಲ. "ಓಗು ಮಗ, ಅದೇ ನಿನ್ ಮನೆ" ಎಂಬ ಅಜ್ಜಿಯ ದನಿ ಮಾತ್ರ ಒಳಗಿನಿಂದ ಬಂತು. ಇದೇ ಜಗಲಿಯಲ್ಲಿ ರಾತ್ರಿಯಿಡೀ ಕೂತಿದ್ದು ಬೆಳಗಿನ ಬಸ್ಸಿಗೆ ನನ್ನನ್ನು ಎತ್ತಿಕೊಂಡು ಹೊರಟುಹೋದಳು. ಅಪ್ಪ ಸತ್ತ ಮೇಲೂ, ಹಾಸನದಲ್ಲಿ ಅಂಗನವಾಡಿ ಕೆಲಸ ಹಿಡಿದ ಮೇಲೂ, ಹಬ್ಬಕ್ಕೆ ಬಂದರೆ ಉಂಡು ಹೊರಡುತ್ತಿದ್ದಳೇ ಹೊರತು ಒಂದು ರಾತ್ರಿಯೂ ಉಳಿದವಳಲ್ಲ. ಯಾಕವ್ವ ಬಾಗಿಲು ತೆಗೆಯಲಿಲ್ಲ ಎಂದು ಕೇಳಲೂ ಇಲ್ಲ. ಬಿಗುಮಾನದಲ್ಲಿ ಅಣ್ಣ ತಂಗಿ ಇಬ್ಬರೂ ಒಂದೇ.

ಮಧ್ಯಾಹ್ನ ಹೆಣ ಎತ್ತಿದರು. ಮುಂದೆ ಟ್ರ್ಯಾಕ್ಟರ್, ಅದರ ಮೇಲೆ ಜನರೇಟರ್, ಆಳೆತ್ತರದ ಸ್ಪೀಕರ್, ಮೊಮ್ಮಗ ದಿಲೀಪ್. ಊರೇ ಬಾಯಿ ಬಿಟ್ಟುಕೊಂಡು ನೋಡಿತು. ಬಸವರಾಜು ಪಂಪ್‌ಹೌಸಿನ ಹತ್ತಿರ ಕೈಕಟ್ಟಿ ನಿಂತಿದ್ದ. "ನಮ್ ಕೈ ಬಂದವೆ ಕಣವ್ವ, ನಾವ್ ಬರ್ಲಿಲ್ಲ," ಎಂದ ಅಮ್ಮನಿಗೆ. ಅಮ್ಮ ಅವನಿಗೆ ಕೈ ಮುಗಿದಳು.

ಕಲ್ಲಿನ ಹತ್ತಿರ ಹೆಣ ಇಳಿಸಿದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಜ್ಜಿಯ ತಲೆಯ ಬಳಿ ಕೂತಳು. ತಮಟೆ ನಿಲ್ಲಲೆಂದು ಕಾದಳು. ಅದು ಒತ್ತಾಯಿತು, ತೂಗಿತು, ತೆಳುವಾಯಿತು. ಈಗ ನಿಲ್ಲುತ್ತದೆ ಎಂದುಕೊಳ್ಳುವಷ್ಟರಲ್ಲಿ ಬೇರೊಂದು ಗತ್ತು ಹಿಡಿದು ಮತ್ತೆ ಏರಿತು. ಅಮ್ಮ "ಅವ್ವಾ..." ಎಂದು ರಾಗ ತೆಗೆದಳು. ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ. ನಾನು ದಿಲೀಪನ ಕಡೆ ಕೈ ಬೀಸಿದೆ. ಅವನು ಪರದೆ ಬಿಟ್ಟು ಕಣ್ಣೆತ್ತಲಿಲ್ಲ. ಅಮ್ಮನ ಬಾಯಿ ತೆರೆದೇ ಇತ್ತು. ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ನಾವು ಕಲ್ಲಿನ ಬಳಿ ನಿಂತೆವು. ತಮಟೆ ಗದ್ದೆಯ ಉದ್ದಕ್ಕೂ ಬಡಿದುಕೊಂಡು ಹೋಯಿತು.

ದರಿದ್ರ ಮೆಷೀನು ಕೆಟ್ಟಿತ್ತು ಎಂದೇ ತಿಳಿದಿದ್ದೆ.

ತಿಥಿಯ ದಿನ ದಿಲೀಪ್ ಜಗಲಿಯಲ್ಲಿ ನೆಂಟರಿಗೆಲ್ಲ ಅದೇ ತಮಟೆ ಕೇಳಿಸುತ್ತ ಬೀಗುತ್ತಿದ್ದ. ನಾನು ಬಗ್ಗಿ ನೋಡಿದೆ. ಉಳಿದ ತಿರುಗಣೆಗಳೆಲ್ಲ ಇದ್ದಲ್ಲೇ ಇದ್ದವು. ರೆಸ್ಟ್ ಮಾತ್ರ ಸೊನ್ನೆಯಲ್ಲಿತ್ತು.

"ಅರ್ಧಕ್ಕಿಟ್ಟಿದ್ಯಲ್ಲ, ಸೊನ್ನೆ ಮಾಡ್ದೋರ್ಯಾರು?"

"ನಾನೇ," ಎಂದ, ದನಿ ತಗ್ಗಿಸಿ. "ಹೆಣ ಎತ್ತೋ ಮುಂಚೆ ಅಪ್ಪ ಬಂದು ಹೇಳ್ತು. ಕಲ್ಲತ್ರ ನಿಲ್ಲಕೂಡ್ದು ಕಣ್ಲಾ, ನಿಂತ್ರೆ ನಿಮ್ಮತ್ತೆ ಆ ಬಾಗ್ಲು ಮಾತು ತೆಗೀತಾಳೆ ಅಂತು."

ನನ್ನ ಹಿಂದೆ ಅಮ್ಮ ನಿಂತಿದ್ದಳು. ಕೈಯಲ್ಲಿ ಎಲೆಗೆ ಬಡಿಸುವ ಪಲ್ಯದ ಬಕೆಟ್ಟು.

"ಬಾಗ್ಲು ಮಾತು ಅಂದ್ನಾ ಅಣ್ಣ?" ಎಂದಳು.

ದಿಲೀಪ್ ಹೌದೆಂದು ತಲೆಯಾಡಿಸಿದ.

"ನಾನು ಈ ಮನೇಲಿ ಯಾರತ್ರನೂ ಆಡ್ಲಿಲ್ವಲ್ಲ ಅದನ್ನ. ಅವತ್ತು ಬಾಗ್ಲ ಅವ್ವನೇ ಹಾಕಿದ್ದಿದ್ರೆ ಇವನ್ಯಾಕೆ ಎದರ್ಬೇಕು? ಇವ್ನೇ ಹಾಕ್ಸವ್ನೆ." ಅಮ್ಮ ಬಕೆಟ್ಟನ್ನು ನಿಧಾನವಾಗಿ ನೆಲಕ್ಕಿಟ್ಟಳು. "ನಾನು ಅವ್ವನ್ನ ಮಾತಾಡಿಸ್ದೆ ಸಾಯಿಸ್ಬಿಟ್ನಲ್ಲೋ. ಇದನ್ನ ನಿಲ್ಸೋದು ಹೆಂಗೆ?"

ದಿಲೀಪ್ ಕೀಲಿಮಣೆಯ ಉದ್ದನೆಯ ಪಟ್ಟಿ ತೋರಿಸಿದ. ಅಮ್ಮ ಒತ್ತಿದಳು. ತಮಟೆ ನಿಂತಿತು.

"ಇಷ್ಟೇನಾ?" ಎಂದಳು.

"ಯಾಕ್ಲಾ ನಿಲ್ಸ್ದೆ?" ಮಾವ ಪಂಕ್ತಿಯ ಮಧ್ಯದಿಂದ ಕೂಗಿದ. ತಂಗಿಯ ಮುಖ ಕಂಡವನೇ ಎಲೆಯ ಕಡೆ ಬಗ್ಗಿದ. ಉಣ್ಣುತ್ತಿದ್ದವರ ಕೈಗಳೂ ನಿಂತವು. ಈಗ ಅವಳು ಏನು ಕೇಳಿದ್ದರೂ ಊರಿಗೆಲ್ಲ ಕೇಳಿಸುತ್ತಿತ್ತು. ಆದರೆ ಕೇಳಿಸಿಕೊಳ್ಳಬೇಕಾದವಳು ಮಣ್ಣಿನಲ್ಲಿದ್ದಳು. ಎಲೆಯ ಮುಂದೆ ಆಡಿದ್ದು ಜಗಳವಾಗುತ್ತದೆ, ಅಳುವಾಗುವುದಿಲ್ಲ.

ಅಮ್ಮ ಪಲ್ಯದ ಬಕೆಟ್ಟು ಎತ್ತಿಕೊಂಡು ಹೋಗಿ ಅಣ್ಣನ ಎಲೆಗೆ ಬಡಿಸಿದಳು. ಆಮೇಲೆ ಕೈ ತೊಳೆದುಕೊಂಡು, ಉಣ್ಣದೆ, "ನಡಿ ಅನು, ಬಸ್ಸಿಗೆ ಹೊತ್ತಾಯ್ತು" ಎಂದಳು.